ಹರಿಯಬ್ಬೆಯಿಂದ ಅಳೆದರೆ ರೈಲಿನ ವೇಗ ಎಷ್ಟು?

ರೈಲಿನ ಮಾತು ಬಂದ್ರೆ ನಾವು ಎಂಜಿನಿಯರಿಂಗ್‌ನವರು ಮೊದಲು ಕೇಳೋದು ಗಂಟೆಗೆ ಎಷ್ಟು ಕಿಲೋಮೀಟರ್ ಅಂತ. ಯಾವ ಊರಿನವರಿಗೆ ಎಷ್ಟು ಹೊತ್ತು ಉಳೀತು ಅಂತ ಕೇಳೋದು ಕಡಿಮೆ. ನಮ್ಮ ಪ್ರಕಾರ ಎರಡನೆಯದೇ ಕಷ್ಟದ ಲೆಕ್ಕ.

2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾಯ್ತು. ಅದರ ಹಳಿ ಚಿತ್ರದುರ್ಗ ಜಿಲ್ಲೆಯ ಮೂಲಕವೇ ಹೋಗುತ್ತೆ. ಚಿತ್ರದುರ್ಗ ನಗರದ ಕಡೆಗೆ ಕವಲು ಒಡೆಯೋದು ಹೊಳಲ್ಕೆರೆ ತಾಲೂಕಿನ ಚಿಕ್ಕಜಾಜೂರಿನಲ್ಲಿ. ಆದರೆ ಶುರುವಾದಾಗ ಯಶವಂತಪುರ ಬಿಟ್ಟರೆ ಮುಂದಿನ ನಿಲುಗಡೆ ದಾವಣಗೆರೆ. ಜಿಲ್ಲೆಯೊಳಗೆ ಒಂದೂ ಇಲ್ಲ. ಸಾರಿಗೆ ಅಧ್ಯಯನದಲ್ಲಿ ಇದಕ್ಕೆ ಸುರಂಗ ಪರಿಣಾಮ ಅಂತಾರೆ. ಎರಡು ತುದಿಯ ಊರುಗಳು ಹತ್ತಿರವಾಗ್ತವೆ, ನಡುವಿನವು ರೈಲು ಹೋಗೋದನ್ನ ನೋಡ್ತವೆ.

ವಂದೇ ಭಾರತ್ ನಿಜವಾದ ಹೈಸ್ಪೀಡ್ ಅಲ್ಲ, ಗೊತ್ತು. ನಿಜವಾದದ್ದರಲ್ಲಿ ಈ ಗುಣ ಇನ್ನೂ ಜಾಸ್ತಿ. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ 508 ಕಿ.ಮೀ.ಗೆ 12 ನಿಲ್ದಾಣ. ಹೆಚ್ಚು ನಿಂತರೆ ವೇಗವೇ ಇಲ್ಲ, ಇದು ಯಾರ ದ್ವೇಷವೂ ಅಲ್ಲ, ಭೌತಶಾಸ್ತ್ರ. ಹಾಗಾಗಿ ಅಸಮಾನತೆ ಆಗುತ್ತಾ ಅನ್ನೋದಕ್ಕಿಂತ, ಎಷ್ಟು ಆಗುತ್ತೆ, ಅದನ್ನ ಯಾವುದು ತುಂಬಿಕೊಡುತ್ತೆ ಅನ್ನೋದನ್ನ ಅಳೀಬೇಕು.

ಅಳೆಯೋದರಲ್ಲೇ ಮೋಸ ಹೋಗೋದು ಸುಲಭ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಬೆಂಗಳೂರಿಗೆ ಪೇಟೆಯಿಂದ 4 ಗಂಟೆ, ಹಳ್ಳಿಯಿಂದ 6 ಗಂಟೆ. ವೇಗದ ರೈಲು ಬಂತು, ಪೇಟೆಗೆ 2 ಗಂಟೆ ಆಯ್ತು, ಬಸ್ಸು ಕಾದು ನಿಲ್ದಾಣ ಸೇರೋ ಹಳ್ಳಿಯವರಿಗೆ 5 ಗಂಟೆ. ಸರಾಸರಿ 5ರಿಂದ 3.5ಕ್ಕೆ ಇಳೀತು, ಶೇ 30ರಷ್ಟು ಉಳಿತಾಯ! ವರದಿಯ ಮುಖಪುಟಕ್ಕೆ ಇದೇ ಹೋಗುತ್ತೆ. ಆದರೆ ಅಂತರ 2 ಗಂಟೆಯಿಂದ 3 ಗಂಟೆಗೆ ಏರಿತು, ಅನುಪಾತ 1.5ರಿಂದ 2.5ಕ್ಕೆ. ಎಲ್ಲರಿಗೂ ಲಾಭವಾಗಿದೆ, ಅಸಮಾನತೆಯೂ ಬೆಳೆದಿದೆ. ಎರಡೂ ನಿಜ.

1959ರಲ್ಲಿ ಹ್ಯಾನ್ಸೆನ್ ಕೊಟ್ಟ ಸೂತ್ರ ಸ್ವಲ್ಪ ಜಾಣತನದ್ದು. ಸುತ್ತಲಿನ ಪ್ರತಿ ಊರಿನ ಅವಕಾಶಗಳನ್ನ ದೂರ ಹೆಚ್ಚಾದಷ್ಟೂ ಕಡಿಮೆ ತೂಕ ಕೊಟ್ಟು ಕೂಡಿಸ್ತಾರೆ. ಆದರೆ ಆ ತೂಕದ ಘಾತಾಂಕ ಆರಿಸೋರು ಯಾರು? ಅದನ್ನ ಬದಲಿಸಿದರೆ ಊರುಗಳ ಕ್ರಮಾಂಕವೇ ಬದಲಾಗಬಹುದು. ಇನ್ನೊಂದು ವಿಧಾನ, ನಾಲ್ಕು ಗಂಟೆಯೊಳಗೆ ಎಷ್ಟು ಜನರನ್ನ ತಲುಪಬಹುದು ಅಂತ ಎಣಿಸೋದು. ಸ್ಪೇನ್‌ನ ಗುಟಿಯೆರೆಜ್ 2001ರಲ್ಲಿ ಮ್ಯಾಡ್ರಿಡ್–ಬಾರ್ಸಿಲೋನಾ ಮಾರ್ಗವನ್ನ ಹೀಗೆ ಬೇರೆ ಬೇರೆ ಸೂಚ್ಯಂಕಗಳಿಂದ ಅಳೆದಾಗ, ಯಾವ ಸೂಚ್ಯಂಕ, ಎಷ್ಟು ದೊಡ್ಡ ನಕ್ಷೆ ಅನ್ನೋದರ ಮೇಲೆ ಉತ್ತರ ಬದಲಾಯ್ತು.

ಈಗ ಹಿರಿಯೂರು ತಾಲೂಕಿನ ಹರಿಯಬ್ಬೆಗೆ ಬನ್ನಿ. ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆದರೆ ಈ ಊರು ಲೆಕ್ಕಕ್ಕೇ ಬರಲ್ಲ, ಯಾಕಂದ್ರೆ ತಾಲೂಕು ಕೇಂದ್ರ ಹಿರಿಯೂರಿಗೇ ಇನ್ನೂ ರೈಲಿಲ್ಲ. ಬೆಂಗಳೂರಿನಲ್ಲಿ ಬೆಳಿಗ್ಗೆ 10ಕ್ಕೆ ಇಂಟರ್‌ವ್ಯೂ ಅಂದ್ರೆ, ಹಳ್ಳಿಯ ಹುಡುಗಿಗೆ ಮುಖ್ಯವಾಗೋದು ರೈಲಿನ ಗರಿಷ್ಠ ವೇಗ ಅಲ್ಲ. ಊರಿನ ಮೊದಲ ಬಸ್ಸು ಎಷ್ಟೊತ್ತಿಗೆ, ವಾಪಸ್ ಬರುವಾಗ ಕೊನೆಯ ಬಸ್ಸು ಸಿಗುತ್ತಾ ಅನ್ನೋದು. ಮನೆ ಬಾಗಿಲಿಂದ ಬಾಗಿಲಿಗೆ, ಕಾಯೋ ಹೊತ್ತೂ ಸೇರಿಸಿ, ಅದೇ ದಿನ ವಾಪಸ್ ಬರಬಹುದಾ ಅಂತ ನೋಡೋ ಅಳತೆ ಬೇಕು. ಟಿಕೆಟ್ ದರವನ್ನೂ ಸೇರಿಸಿದರೆ ಇನ್ನೂ ಒಳ್ಳೇದು, ನಮ್ಮ ಸಾಫ್ಟ್‌ವೇರ್‌ಗಳು ಎಲ್ಲರ ಜೇಬನ್ನೂ ಒಂದೇ ಅಂದ್ಕೊಂಡಿರ್ತವೆ.

ಇದು ಈಗಲೇ ಆಗಬೇಕು ಅನ್ನೋದಕ್ಕೆ ಕಾರಣ ಇದೆ. 2011–12ರಲ್ಲಿ ಮಂಜೂರಾದ ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ಮಾರ್ಗ, ಸುಮಾರು 191 ಕಿ.ಮೀ., ಶಿರಾ, ಹಿರಿಯೂರು ಮೂಲಕ ಬರ್ತಿದೆ. ಅರಸೀಕೆರೆ ಸುತ್ತು ತಪ್ಪುತ್ತೆ. ರೈಲು ಓಡೋಕೆ ಶುರುವಾದ ಮೇಲೆ "ಮೊದಲು ಹೇಗಿತ್ತು" ಅನ್ನೋ ಅಂಕಿ ಯಾರೂ ಕೊಡಲ್ಲ. ಹಳೇ ಬಸ್ ವೇಳಾಪಟ್ಟಿ ಯಾರು ಇಟ್ಕೊಂಡಿರ್ತಾರೆ? ಸಿವಿಲ್, ಕಂಪ್ಯೂಟರ್ ಸೈನ್ಸ್‌ನ ಅಂತಿಮ ವರ್ಷದವರು ಜೊತೆಯಾದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ರಸ್ತೆ ನಕ್ಷೆ ಉಚಿತವಾಗಿಯೇ ಸಿಗುತ್ತೆ. ಸಿಗದೇ ಇರೋದು ಹಳ್ಳಿಯ ಬಸ್ ಸಮಯ. ಅದಕ್ಕೆ ಹರಿಯಬ್ಬೆಯ ಬಸ್ ನಿಲ್ದಾಣದಲ್ಲಿ ಬೆಳಗಿನಿಂದ ರಾತ್ರಿವರೆಗೆ, ನೋಟ್‌ಬುಕ್ ಹಿಡಿದು ಒಂದು ವಾರ ಕೂರಬೇಕು.