ಕಲಿಕೆಯ ತೊಡಕು: ಮನೆಮಾತನ್ನೂ ಕೇಳಿ ನಿರ್ಧರಿಸೋಣ

ಉದ್ಯೋಗನಿಮಿತ್ತ ಪುಣೆಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಿಗೆ ಮಕ್ಕಳ ವಿದ್ಯಾಭ್ಯಾಸದಷ್ಟು ಚಿಂತೆಯನ್ನುಂಟುಮಾಡುವ ವಿಷಯ ಮತ್ತೊಂದಿಲ್ಲ. ಸುಮಾರು 120 ರೈತ ಕುಟುಂಬಗಳು ತಮ್ಮ 400 ಎಕರೆಗಳಷ್ಟು ಭೂಮಿಯನ್ನು ಒಟ್ಟುಗೂಡಿಸಿ ಕಟ್ಟಿದ ಮಗರಪಟ್ಟಾ ನಗರದಲ್ಲಿ ಇಂದು ಭಾರತದ ನಾನಾ ಭಾಷೆಗಳು ಕಿವಿಗೆ ಬೀಳುತ್ತವೆ. ಇಲ್ಲಿಯ ಕನ್ನಡದ ಮಗು ಮನೆಯಲ್ಲಿ ಕನ್ನಡವನ್ನೂ ಆಟದ ಬಯಲಿನಲ್ಲಿ ಹಿಂದಿಯನ್ನೂ ತರಗತಿಯಲ್ಲಿ ಇಂಗ್ಲಿಷನ್ನೂ ಆಡುತ್ತದೆ. 2020ರ ಮಹಾರಾಷ್ಟ್ರ ಕಾಯಿದೆಯಂತೆ ಮರಾಠಿಯ ಕಲಿಕೆಯೂ ಕಡ್ಡಾಯ. ಬಹುಪಾಲು ಮಕ್ಕಳು ಈ ಹೊರೆಯನ್ನು ಲೀಲಾಜಾಲವಾಗಿ ಹೊರುತ್ತಾರೆ. ಕೆಲವರು ಮಾತ್ರ ಓದುಬರಹದಲ್ಲಿ ಹಿಂದೆ ಬೀಳುತ್ತಾರೆ. ಆ ಕೆಲವರ ವಿಷಯದಲ್ಲಿ ನಾವು ಕೊಡುತ್ತಿರುವ ತೀರ್ಪುಗಳು ನ್ಯಾಯವಾದವೇ ಎಂದು ಯೋಚಿಸುವ ಕಾಲ ಬಂದಿದೆ.

ಸಾಮಾನ್ಯವಾಗಿ ಕೇಳಿಬರುವ ತೀರ್ಪುಗಳು ಎರಡು. "ಭಾಷೆ ಹೊಸದು, ಕಾಲಕ್ರಮದಲ್ಲಿ ಸರಿಹೋಗುತ್ತದೆ" ಎಂಬುದು ಒಂದು. "ಮಗುವಿನ ಬುದ್ಧಿಯೇ ಮಂದ" ಎಂಬುದು ಇನ್ನೊಂದು. ಇವುಗಳ ಜೊತೆಗೆ "ಮನೆಯಲ್ಲಿ ಕನ್ನಡವನ್ನು ನಿಲ್ಲಿಸಿ, ಇಂಗ್ಲಿಷನ್ನೇ ಆಡಿ" ಎಂಬ ಉಪದೇಶವೂ ದೊರೆಯುತ್ತದೆ. ಮೂರೂ ಆತುರದ ಮಾತುಗಳೆಂದು ನನ್ನ ಅಭಿಪ್ರಾಯ.

ಕಲಿಕಾ ನ್ಯೂನತೆ ಎಂಬುದು ಬುದ್ಧಿಮಾಂದ್ಯವಲ್ಲ, ಸೋಮಾರಿತನವೂ ಅಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು 14 ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಅವನು ಚುರುಕು ಬುದ್ಧಿಯವನು, ಲೆಕ್ಕವನ್ನೂ ಬಲ್ಲವನು. ಆದರೆ ಅಚ್ಚಾದ ಪದವನ್ನು ಓದಲಾರನು. ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳೊಡನೆ ಹೊಂದಿಸುವ ಮಿದುಳಿನ ಕಾರ್ಯದಲ್ಲಿ ಇರುವ ತೊಡಕೇ ಇದಕ್ಕೆ ಮುಖ್ಯ ಕಾರಣವೆಂದು ಈಗ ತಿಳಿದುಬಂದಿದೆ. ಇದು ಅನೇಕ ವೇಳೆ ವಂಶದಲ್ಲಿಯೂ ಕಂಡುಬರುತ್ತದೆ. ಇದಕ್ಕೆ ಗುಳಿಗೆಯಿಲ್ಲ, ಟಾನಿಕ್ಕಿಲ್ಲ. ತಕ್ಕ ಬೋಧನೆಯೇ ಮದ್ದು. ಆದರೂ ಮೊದಲು ಮಗುವಿನ ಕಣ್ಣು, ಕಿವಿಗಳನ್ನು ಪರೀಕ್ಷಿಸಿ ನೋಡುವುದು ಅವಶ್ಯಕ.

ಹೊಸ ಭಾಷೆಯ ಕಷ್ಟವನ್ನೂ ಈ ನ್ಯೂನತೆಯನ್ನೂ ಬೇರ್ಪಡಿಸುವುದು ಹೇಗೆ? ಕನ್ನಡದ ಮಗು 'ಬಸ್ಸು', 'ಪೆನ್ನು' ಎಂದು ಪದದ ಕೊನೆಗೆ ಸ್ವರ ಸೇರಿಸಿದರೆ ಅಥವಾ ಇಂಗ್ಲಿಷ್ ವಾಕ್ಯದಲ್ಲಿ 'ಎ', 'ದಿ'ಗಳನ್ನು ಬಿಟ್ಟರೆ ಅದು ರೋಗಲಕ್ಷಣವಲ್ಲ. ನಮ್ಮ ನುಡಿಯ ಜಾಯಮಾನ. ಅದೇ ಮಗು ಕನ್ನಡದಲ್ಲಿಯೇ ಪ್ರಾಸವನ್ನು ಗುರುತಿಸಲಾರದೆ ಹೋದರೆ, 'ಕಮಲ' ಎಂಬ ಪದವನ್ನು ಕ-ಮ-ಲ ಎಂದು ಬಿಡಿಸಲು ತಡವರಿಸಿದರೆ, ವಾರದ ದಿನಗಳನ್ನು ಕ್ರಮವಾಗಿ ಹೇಳಲು ಬಹುಕಾಲ ಕಷ್ಟಪಟ್ಟರೆ, ಮರಾಠಿಯ ಓದಿನಲ್ಲಿಯೂ ಹಾಗೆಯೇ ಎಡವಿದರೆ, ಆಗ ತಜ್ಞರ ಬಳಿಗೆ ಹೋಗಲು ತಡಮಾಡಬಾರದು. ಒಂದು ಎಚ್ಚರಿಕೆಯ ಮಾತು: ನಮ್ಮ ಲಿಪಿಗಳಲ್ಲಿ ಕಾಗುಣಿತ, ಒತ್ತಕ್ಷರಗಳು ಸೇರಿ ನೂರಾರು ರೂಪಗಳಿವೆ. ಕನ್ನಡ ಮಕ್ಕಳಿಗೆ ಇವುಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂದು ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಪ್ಪಿದರೆ ಗಾಬರಿ ಬೇಡ.

ನಾನು ವಾಣಿಜ್ಯಶಾಸ್ತ್ರ ಓದಿದವನು, ವೈದ್ಯನಲ್ಲ. ಆದರೆ ಒಂದೇ ಖಾತೆಯ ಶಿಲ್ಕನ್ನು ನೋಡಿ ಗ್ರಾಹಕನ ಒಟ್ಟು ಆಸ್ತಿಯನ್ನು ಅಳೆಯಬಾರದೆಂಬುದು ಬ್ಯಾಂಕಿನವರಿಗೆಲ್ಲ ತಿಳಿದ ಸಂಗತಿ. ಇಂಗ್ಲಿಷಿನ ಖಾತೆಯೊಂದನ್ನೇ ನೋಡಿ ಮಗುವಿನ ಬುದ್ಧಿಯನ್ನು ಅಳೆಯುವುದೂ ಅಂಥದೇ ತಪ್ಪು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ, ಬುದ್ಧಿಮಾಂದ್ಯರ ತರಗತಿಗಳಲ್ಲಿ ಕೂರಿಸಿದ್ದರು. ಅದನ್ನು ಪ್ರಶ್ನಿಸಿದ ಒಂಬತ್ತು ಮಕ್ಕಳನ್ನು ಸ್ಪ್ಯಾನಿಷಿನಲ್ಲಿ ಮತ್ತೆ ಪರೀಕ್ಷಿಸಿದಾಗ ಬಹುಪಾಲು ಮಕ್ಕಳು ಸಾಮಾನ್ಯ ಬುದ್ಧಿಯವರೆಂದೇ ಕಂಡುಬಂದಿತು. ಮನೆಮಾತಿನಲ್ಲಿಯೂ ಪರೀಕ್ಷಿಸಬೇಕೆಂಬ ಒಪ್ಪಂದವು 1970ರಲ್ಲಿ ಆಯಿತು. ನಮ್ಮ ದೇಶದಲ್ಲಿ ಮಾಣೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು ಸಿದ್ಧಪಡಿಸಿ 2015ರಲ್ಲಿ ಹೊರತಂದ 'ಡಾಲಿ' ಎಂಬ ಪರೀಕ್ಷಾ ಸಾಧನವು ಹಿಂದಿ, ಮರಾಠಿ, ಇಂಗ್ಲಿಷುಗಳ ಜೊತೆಗೆ ಕನ್ನಡದಲ್ಲಿಯೂ ಇದೆ. ಪುಣೆಯ ಕನ್ನಡಿಗರಿಗೆ ಇದಕ್ಕಿಂತ ಅನುಕೂಲವಾದುದು ಇನ್ನೇನಿದೆ? ಪರೀಕ್ಷೆಗೆ ಹೋದಾಗ ಮಗುವಿನ ಮನೆಮಾತು ಕನ್ನಡವೆಂದು ತಿಳಿಸುವುದೂ, ಕನ್ನಡದಲ್ಲಿಯೂ ನೋಡಿರೆಂದು ಕೇಳುವುದೂ ಪಾಲಕರ ಹಕ್ಕು.

ಇನ್ನು ಮನೆಯಲ್ಲಿ ಕನ್ನಡವನ್ನು ಬಿಡಬೇಕೆಂಬ ಉಪದೇಶ. ಕಲಿಕಾ ನ್ಯೂನತೆ ಹುಟ್ಟುವುದು ಎರಡು ಭಾಷೆಗಳಿಂದಲ್ಲ. ಆದ್ದರಿಂದ ಒಂದನ್ನು ಕಿತ್ತುಹಾಕಿದರೆ ಅದು ಗುಣವಾಗುವುದೂ ಇಲ್ಲ. ಓದಲಾರದ ಮಗುವಿಗೆ ಕಥೆ, ಲೋಕಜ್ಞಾನ, ಪದಸಂಪತ್ತು ಒದಗುವುದು ಕಿವಿಯ ಮೂಲಕ. ಅಜ್ಜಿಯ ಮಾತನ್ನು ನಿಲ್ಲಿಸಿ, ತಾಯ್ತಂದೆಗಳ ಅರೆಬರೆ ಇಂಗ್ಲಿಷನ್ನು ಅದರ ಸ್ಥಾನದಲ್ಲಿಟ್ಟರೆ ಮಗು ಇದ್ದ ಬಂಡವಾಳವನ್ನೂ ಕಳೆದುಕೊಳ್ಳುತ್ತದೆ. ಶಾಲೆಯಲ್ಲಿ ಸೋತು ಬಂದ ಮಗುವಿಗೆ ಮನೆಯಲ್ಲಿಯೂ ಮಾತು ಸಿಗದಂತಾಗುವುದು ಗಾಯದ ಮೇಲೆ ಬರೆ ಎಳೆದಂತೆ.

ಬೋಧನೆಯ ಕ್ರಮವೂ ರಹಸ್ಯವೇನಲ್ಲ. ಅಮೆರಿಕದಲ್ಲಿ ಸ್ಯಾಮ್ಯುಯಲ್ ಆರ್ಟನ್ ಮತ್ತು ಆನಾ ಗಿಲ್ಲಿಂಗ್‌ಹ್ಯಾಮ್ ಅವರು 1930ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ಮಗು ಅಕ್ಷರವನ್ನು ಕಂಡು, ಅದರ ಧ್ವನಿಯನ್ನು ಕೇಳಿ, ನುಡಿದು, ಬೆರಳಿನಿಂದ ತಿದ್ದಿ ಕಲಿಯುತ್ತದೆ. ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ನಮ್ಮ ಕೂಲಿಮಠಗಳಿಗೆ ಬೆರಳಿನ ಕಲಿಕೆ ಅಪರಿಚಿತವಾಗಿರಲಿಲ್ಲ. ಒಂದು ಸಲಕ್ಕೆ ಒಂದೇ ಧ್ವನಿ, ಸಣ್ಣ ಸಣ್ಣ ಮೆಟ್ಟಿಲು, ಹಲವು ಬಾರಿ ಪುನರಾವರ್ತನೆ. ನಮ್ಮ ಮಕ್ಕಳಿಗೆ ಇನ್ನೊಂದು ಸೌಕರ್ಯವೂ ಬೇಕು: ಇಂಗ್ಲಿಷ್ ಪದದ ಅರ್ಥವನ್ನು ಮೊದಲು ಕನ್ನಡದಲ್ಲಿ ತಿಳಿಸಿ, ಬಾಯಲ್ಲಿ ಆಡಿಸಿ, ಆಮೇಲೆ ಓದಿಸಬೇಕು. ಅರ್ಥವೂ ಹೊಸದು, ಅಕ್ಷರವೂ ಕಠಿಣ ಎಂದಾದರೆ ಮಗು ಎರಡು ಬಾರಿ ಸೋಲುತ್ತದೆ.

ಕಾನೂನು ಈಗ ನಮ್ಮ ಕಡೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ವೈಕಲ್ಯಗಳಲ್ಲಿ ಒಂದೆಂದು ಮಾನ್ಯಮಾಡಿದೆ. ಪ್ರಮಾಣಪತ್ರವಿದ್ದವರಿಗೆ ಸಿ.ಬಿ.ಎಸ್.ಇ. ಪರೀಕ್ಷೆಗಳಲ್ಲಿ 3 ಗಂಟೆಗಳ ಪ್ರಶ್ನೆಪತ್ರಿಕೆಗೆ ಒಂದು ಗಂಟೆ ಹೆಚ್ಚಿನ ಕಾಲಾವಕಾಶ, ಉತ್ತರ ಬರೆದುಕೊಡುವ ಸಹಾಯಕ, ಮೂರನೆಯ ಭಾಷೆಯಿಂದ ವಿನಾಯಿತಿ ಮುಂತಾದ ಸೌಲಭ್ಯಗಳಿವೆ. 2018ರ ಕೇಂದ್ರ ಮಾರ್ಗಸೂಚಿಯು ಪ್ರಮಾಣಪತ್ರಕ್ಕೆ 8 ವರ್ಷದ ಮಿತಿಯನ್ನು ಇಟ್ಟಿತು. ಆದರೆ ಪತ್ರಕ್ಕಾಗಿ ಕಾಯಬಹುದು, ಪಾಠಕ್ಕಾಗಿ ಕಾಯಬಾರದು. "ನಾಲ್ಕು ಜನ ಏನೆಂದಾರು" ಎಂದು ಹಿಂಜರಿದು ಕೈಕಟ್ಟಿ ಕುಳಿತರೆ ನಷ್ಟ ಆ ನಾಲ್ಕು ಜನರಿಗಲ್ಲ, ನಮ್ಮ ಮಗುವಿಗೆ.

ನಮ್ಮ ಸಂಘಗಳು ರಾಜ್ಯೋತ್ಸವವನ್ನು ಸಂಭ್ರಮದಿಂದ ಆಚರಿಸುತ್ತವೆ, ಆಗಲಿ. ಅದರ ಜೊತೆಗೆ ವರ್ಷಕ್ಕೊಮ್ಮೆ ತಜ್ಞರನ್ನು ಕರೆಸಿ ಪಾಲಕರಿಗೆ ಸಲಹೆ ಕೊಡಿಸಬಹುದು. ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರ, ವಾಕ್‌ಚಿಕಿತ್ಸಕರ, ವಿಶೇಷ ಶಿಕ್ಷಕರ ಹೆಸರುಗಳ ಪಟ್ಟಿಯೊಂದನ್ನು ಸಿದ್ಧಪಡಿಸಬಹುದು. ಮಗರಪಟ್ಟಾ, ಹಡಪ್ಸರ ಭಾಗದ ನಿವೃತ್ತ ಹಿರಿಯರು ಭಾನುವಾರ ಒಂದು ಗಂಟೆ ಮಕ್ಕಳಿಗೆ ಕನ್ನಡದಲ್ಲಿ ಕಥೆ ಹೇಳಬಹುದು. ಇವುಗಳಿಗೆ ದೊಡ್ಡ ನಿಧಿಯೇನೂ ಬೇಕಿಲ್ಲ, ಮನಸ್ಸು ಬೇಕು. ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ಅದರ ಸ್ವಂತ ಮಾತಿನಲ್ಲಿ ಒಮ್ಮೆ ಕೇಳದೆ ಯಾವ ಹಣೆಪಟ್ಟಿಯನ್ನೂ ಅಂಟಿಸುವುದಿಲ್ಲ ಎಂಬಷ್ಟು ಸಂಕಲ್ಪವನ್ನಾದರೂ ನಾವು ಈ ವರ್ಷ ಮಾಡೋಣ.