ಹಾಲಿನ ಲೆಕ್ಕವೂ ತಿಂಗಳ ಲೆಕ್ಕವೂ

ನಮ್ಮ ಮನೆಯ ಅಡುಗೆಮನೆಯ ಗೋಡೆಗೆ ಒಂದು ಕ್ಯಾಲೆಂಡರು ತೂಗುಹಾಕಿದೆ. ಅದರ ಮೇಲೆ ಇಲ್ಲದ ಲೆಕ್ಕವಿಲ್ಲ. ಹಾಲು ಬಾರದ ದಿನಕ್ಕೆ ಒಂದು ಗೀಟು, ಅರ್ಧ ಲೀಟರು ಹೆಚ್ಚಿಗೆ ಕೊಂಡ ದಿನಕ್ಕೆ ಒಂದು ಚುಕ್ಕೆ, ಗ್ಯಾಸಿನ ಸಿಲಿಂಡರು ಬಂದ ತಾರೀಖಿಗೆ ಒಂದು ಸುತ್ತು, ಚೀಟಿಯ ಹಣ ಕಟ್ಟುವ ದಿನಕ್ಕೆ ಇನ್ನೊಂದು ಗುರುತು. ನಮ್ಮ ತಾಯಿಯವರು ಇಷ್ಟನ್ನೂ ತಪ್ಪದೆ ಬರೆಯುತ್ತಾರೆ. ತಿಂಗಳ ಕೊನೆಗೆ ಹಾಲಿನವನೊಡನೆ ವಾದ ಹೂಡಿ ಗೆಲ್ಲುತ್ತಾರೆ. ಆದರೆ ಆ ಮನೆಯ ಹೆಂಗಸರ ಮೈಯಲ್ಲಿ ತಿಂಗಳು ತಿಂಗಳೂ ನಡೆಯುವ ಲೆಕ್ಕವೊಂದು ಮಾತ್ರ ಆ ಗೋಡೆಯ ಮೇಲೆ ಎಂದೂ ಬಿದ್ದುದಿಲ್ಲ. ನನ್ನ ಈ ಲೇಖನ ಆ ಲೆಕ್ಕವನ್ನು ಕುರಿತದ್ದು.

ಕಾಲೇಜಿನ ಸಂಚಿಕೆಯಲ್ಲಿ ಮುಟ್ಟಿನ ಮಾತೇ ಎಂದು ಹುಬ್ಬೇರಿಸುವವರೂ ಇರಬಹುದು. ಅವರಲ್ಲಿ ನನ್ನ ಬಿನ್ನಹವಿಷ್ಟೆ: ಈ ಮಾತನ್ನು ಆಡದಿದ್ದುದರಿಂದ ನಮ್ಮ ನಡುವೆಯೇ ಒಬ್ಬ ಹುಡುಗಿಯ ಜೀವಕ್ಕೆ ಸಂಚಕಾರ ಬಂದಿತ್ತು. ಅದನ್ನು ಕೇಳಿದ ಮೇಲೆ ಹುಬ್ಬನ್ನು ಏರಿಸುವುದೋ ಇಳಿಸುವುದೋ ಅವರಿಗೇ ಬಿಟ್ಟದ್ದು.

'ಹೊರಗಾಗಿದ್ದಾಳೆ', 'ದೂರ ಕೂತಿದ್ದಾಳೆ', 'ಕಾಗೆ ಮುಟ್ಟಿದೆ' — ಮುಟ್ಟು ಎಂಬ ಮಾತನ್ನು ತಪ್ಪಿಸಲು ನಮ್ಮಲ್ಲಿ ಎಷ್ಟೊಂದು ಮಾತುಗಳು! ಆದರೆ ಅದನ್ನು ಅಳೆಯಲು ನಮಗೆ ಗೊತ್ತಿರುವ ಅಳತೆ ಒಂದೇ: ಮೂರು ದಿನ ದೂರ, ನಾಲ್ಕನೆಯ ದಿನ ತಲೆಗೆ ಸ್ನಾನ. ಈ ಅಳತೆ ಹುಟ್ಟಿದ್ದು ಯಾರು ಯಾವಾಗ ಅಡುಗೆಮನೆಯೊಳಕ್ಕೆ ಬರಬಹುದೆಂಬುದನ್ನು ಹೇಳಲು. ಯಾರು ಆರೋಗ್ಯವಾಗಿದ್ದಾರೆ ಎಂಬುದನ್ನು ಹೇಳಲು ಅಲ್ಲ. ನಾವಾದರೋ ಮಡಿಯ ಅಳತೆಗೋಲನ್ನೇ ವೈದ್ಯದ ಅಳತೆಗೋಲೆಂದು ತಿಳಿದು ಕುಳಿತಿದ್ದೇವೆ.

ಇದರ ಫಲವನ್ನು ಮೊದಲು ಉಂಡವಳು ನಾನೇ. ಪಿ.ಯು.ಸಿ.ಯಲ್ಲಿದ್ದಾಗ ನನಗೆ ಒಮ್ಮೆ 33 ದಿನಕ್ಕೆ, ಒಮ್ಮೆ 36 ದಿನಕ್ಕೆ ಮುಟ್ಟಾಗುತ್ತಿತ್ತು. ಆದಮೇಲೆ ಐದಾರು ದಿನ ಇರುತ್ತಿತ್ತು. ಪಾಠದ ಪುಸ್ತಕದಲ್ಲಿ 28 ಎಂದಿತ್ತು. ಮನೆಯಲ್ಲಿ ಮೂರು ದಿನ ಎಂದಿತ್ತು. ಎರಡಕ್ಕೂ ಹೊಂದದ ನಾನು ಯಾವುದೋ ರೋಗ ಹೊತ್ತವಳೆಂದು ಎರಡು ವರ್ಷ ಒಳಗೊಳಗೇ ಬೆಂದೆ. ಅಮ್ಮನನ್ನು ಕೇಳಲಿಲ್ಲ. ಕೇಳಿದರೆ ನಿಜವಾಗಿಬಿಡುತ್ತದೆಂದು ಭಯ.

ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿಯದು ಇದಕ್ಕೆ ನೇರ ವಿರುದ್ಧ. ಆಕೆಗೆ ಹತ್ತು ದಿನ, ಕೆಲವೊಮ್ಮೆ ಹನ್ನೆರಡು ದಿನ ಹೋಗುತ್ತಿತ್ತು. ರಾತ್ರಿ ಎರಡು ಸಲ ಎದ್ದು ಬಟ್ಟೆ ಬದಲಿಸುತ್ತಿದ್ದಳು. ಕೇಳಿದರೆ, "ನಮ್ಮನೇಲಿ ಎಲ್ಲರಿಗೂ ಹೀಗೇ ಕಣೇ. ಅಮ್ಮಂಗೂ ಅಷ್ಟೇ, ಅಕ್ಕಂಗೂ ಅಷ್ಟೇ" ಎಂದು ನಕ್ಕುಬಿಡುತ್ತಿದ್ದಳು. ಅವಳಿಗೆ ಚಿಂತೆಯೇ ಇರಲಿಲ್ಲ. ಸರಿಯಾಗಿದ್ದ ನಾನು ಹೆದರಿದ್ದೆ. ಹೆದರಬೇಕಾಗಿದ್ದ ಅವಳು ನಗುತ್ತಿದ್ದಳು.

ಕಳೆದ ವರ್ಷ ಪರೀಕ್ಷೆಯ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಆಕೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಸಿದು ಬಿದ್ದಳು. ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ವೈದ್ಯೆ, "ಎಷ್ಟು ದಿನಕ್ಕೊಂದು ಸಲ ಆಗುತ್ತಮ್ಮ? ಎಷ್ಟು ದಿನ ಇರುತ್ತೆ? ದಿನಕ್ಕೆ ಎಷ್ಟು ಪ್ಯಾಡು ಬೇಕಾಗುತ್ತೆ?" ಎಂದು ಕೇಳಿದರು. ಗೆಳತಿ ಕಣ್ಣು ಮುಚ್ಚಿಕೊಂಡೇ, "ಮಾಮೂಲಾಗೇ ಆಗುತ್ತೆ ಮೇಡಂ" ಎಂದಳು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 6.8 ಗ್ರಾಂ ಎಂದು ಬಂತು. ಹೆಂಗಸರಲ್ಲಿ ಅದು 12ಕ್ಕಿಂತ ಕಡಮೆಯಿರಬಾರದು. 8ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ. ಅಂದೇ ರಕ್ತ ಕೊಡಬೇಕಾಯಿತು. ಮುಂದೆ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷಿಸಿದಾಗ, ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಅವಳಲ್ಲಿ ಹುಟ್ಟಿನಿಂದಲೇ ಕೊರತೆಯಾಗಿದೆ ಎಂದು ತಿಳಿಯಿತು. ಅದು ವಂಶದಲ್ಲಿ ಹರಿದುಬರುವಂಥದು. ಅವಳ ತಾಯಿಗೂ ಅಕ್ಕನಿಗೂ ಅದೇ ಇತ್ತು. ಆ ಮನೆಯ 'ಮಾಮೂಲು' ಎಂಬುದೇ ಆ ಮನೆಯ ಕಾಯಿಲೆಯಾಗಿತ್ತು! ಈಗ ಮೂವರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಸುಖವಾಗಿದ್ದಾರೆ. ಇದನ್ನು ಬರೆಯಲು ಹೇಳಿದವಳೂ ಅವಳೇ.

ಹಾಗಾದರೆ ಮಾಮೂಲು ಎಂದರೆ ಎಷ್ಟು? ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ 2018ರಲ್ಲಿ ಹೇಳಿದ ಲೆಕ್ಕ ಹೀಗಿದೆ: ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ 24ರಿಂದ 38 ದಿನ, ಸ್ರಾವ ಎಂಟು ದಿನದೊಳಗೆ ನಿಲ್ಲಬೇಕು. ಮೊದಲ ದಿನದಿಂದ ಎಣಿಸಬೇಕೆಂಬುದನ್ನು ಗಮನಿಸಿರಿ. ನಮ್ಮಲ್ಲಿ ಅನೇಕರು ಸ್ನಾನದ ದಿನದಿಂದ ಎಣಿಸಿ ಲೆಕ್ಕ ತಪ್ಪುತ್ತಾರೆ. ಮೈನೆರೆದ ಮೊದಲ ಕೆಲವು ವರ್ಷ ಈ ಅಂತರ 21ರಿಂದ 45 ದಿನದವರೆಗೂ ಹೊಯ್ದಾಡಬಹುದು. ಇನ್ನು 28ರ ಮಾತು: 2019ರಲ್ಲಿ ಆರು ಲಕ್ಷಕ್ಕೂ ಮಿಕ್ಕಿದ ಋತುಚಕ್ರಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ ಸರಾಸರಿ 29.3 ದಿನ ಬಂದಿತು. 28 ಎಂಬುದು ಅಳತೆಯ ನಡುವಿನ ಒಂದು ಗುರುತು ಮಾತ್ರ, ದಾಟಬಾರದ ಗೆರೆಯಲ್ಲ.

ಈ ಹೊಯ್ದಾಟಕ್ಕೆ ಕಾರಣವೂ ಸರಳವಾಗಿಯೇ ಇದೆ. ಅಂಡ ಬಲಿತು ಬಿಡುಗಡೆಯಾಗುವವರೆಗಿನ ಕಾಲ ಒಬ್ಬೊಬ್ಬರಲ್ಲಿ, ಒಂದೊಂದು ತಿಂಗಳಲ್ಲಿ ಹೆಚ್ಚು ಕಡಮೆಯಾಗುತ್ತದೆ. ಆಮೇಲಿನ ಕಾಲ ಮಾತ್ರ ಬಹುಮಟ್ಟಿಗೆ ಎರಡು ವಾರ. ಜ್ವರ, ಊಟ ಬಿಟ್ಟು ಕೃಶವಾಗುವುದು, ಮನಸ್ಸಿನ ಕಳವಳ — ಇವು ಮೊದಲ ಭಾಗವನ್ನು ಹಿಗ್ಗಿಸಬಲ್ಲವು. ಪರೀಕ್ಷೆಯ ತಿಂಗಳಲ್ಲಿ ನಾಲ್ಕಾರು ದಿನ ತಡವಾದರೆ ಗಾಬರಿಪಡಬೇಕಾಗಿಲ್ಲವೆಂದು ಇದರಿಂದ ತಿಳಿಯುತ್ತದೆ.

ನಮ್ಮ ಪ್ರಾಚೀನರೂ ಇದರಲ್ಲಿ ಒಂದೇ ಮಾತು ಆಡಿದವರಲ್ಲ. ವಾಗ್ಭಟ ಮೂರು ದಿನ ಎಂದರೆ ಚರಕಸಂಹಿತೆ ಐದು ರಾತ್ರಿ ಎನ್ನುತ್ತದೆ. ವೈದ್ಯಶಾಸ್ತ್ರಗಳೇ ಎರಡು ಲೆಕ್ಕ ಕೊಟ್ಟಿರುವಾಗ ಮೂರೇ ದಿನವೆಂಬ ನಮ್ಮ ಹಟಕ್ಕೆ ಆಧಾರವೆಲ್ಲಿ?

ಯಾವುದಕ್ಕೆ ಹೆದರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಸ್ರಾವ ಎಂಟು ದಿನ ದಾಟಿದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡು ತೊಯ್ದು ಹೋದರೆ, ಮೂರು ತಿಂಗಳು ಮುಟ್ಟೇ ಆಗದಿದ್ದರೆ, 21 ದಿನದೊಳಗೇ ಮತ್ತೆ ಮತ್ತೆ ಆದರೆ, ನೋವಿನಿಂದ ತಿಂಗಳು ತಿಂಗಳೂ ತರಗತಿ ತಪ್ಪಿದರೆ, ಹದಿನೈದು ತುಂಬಿದರೂ ಮೈನೆರೆಯದಿದ್ದರೆ ವೈದ್ಯರ ಬಳಿಗೆ ಹೋಗಬೇಕು. "ಮದುವೆಯಾದರೆ ಸರಿಹೋಗುತ್ತೆ" ಎಂಬುದು ಔಷಧವಲ್ಲ.

ನಮ್ಮ ಅಜ್ಜಿ ಇದನ್ನೆಲ್ಲ ಕೇಳಿ, "ನಮ್ಮ ಕಾಲದಲ್ಲಿ ಯಾರು ಮಗಾ ಲೆಕ್ಕ ಇಟ್ಟಿದ್ರು?" ಎಂದರು. ನಿಜ. ಆದರೆ ಅಜ್ಜಿಗೆ ಏಳು ಹೆರಿಗೆ. ಬಸಿರು, ಬಾಣಂತಿತನ, ಹಾಲೂಡುವಿಕೆಗಳಲ್ಲಿ ವರ್ಷಗಳೇ ಮುಟ್ಟಿಲ್ಲದೆ ಕಳೆದವು. ಇಂದಿನ ಹೆಣ್ಣುಮಗಳಿಗೆ ಆಯುಷ್ಯದಲ್ಲಿ ಆಗುವ ಮುಟ್ಟುಗಳು ಅದಕ್ಕಿಂತ ಬಹಳ ಹೆಚ್ಚು. ವ್ಯವಹಾರ ಬೆಳೆದ ಮೇಲೆ ಲೆಕ್ಕದ ಪುಸ್ತಕವೂ ಬೇಕಲ್ಲವೆ?

ಲೆಕ್ಕವಿಡಲು ಹೇಳಿದರೆ ಹುಡುಗಿಯರೆಲ್ಲ ತಮ್ಮನ್ನು ರೋಗಿಗಳೆಂದುಕೊಂಡಾರು ಎಂಬ ಆಕ್ಷೇಪಣೆಯೂ ಉಂಟು. ನನ್ನ ಅನುಭವ ಬೇರೆ. ಗೆಳತಿಯನ್ನು ನೋಡಲು ಬಂದ ಅದೇ ವೈದ್ಯೆಯವರಿಗೆ ನನ್ನ 33ರ, 36ರ ಕಥೆಯನ್ನು ಹೇಳಿದೆ. "ನಿನ್ನದು ಸರಿಯಾಗೇ ಇದೆ, ಹೋಗಮ್ಮ, ಓದಿಕೋ" ಎಂದರು. ಎರಡು ವರ್ಷದ ಭಾರ ಒಂದು ಮಾತಿಗೆ ಇಳಿಯಿತು. ತಿಳಿವಳಿಕೆ ಭಯವನ್ನು ಹುಟ್ಟಿಸುವುದಕ್ಕಿಂತ ಕಳೆಯುವುದೇ ಹೆಚ್ಚು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು. ಊಟದ ಕೊರತೆಯೇ ಮೊದಲಾಗಿ ಇದಕ್ಕೆ ಕಾರಣಗಳು ಹಲವು. ಆದರೆ ತಟ್ಟೆಯಲ್ಲಿ ಬಂದದ್ದು ಎಷ್ಟೆಂದು ಕೇಳುವ ನಾವು ಮೈಯಿಂದ ಹೋದದ್ದು ಎಷ್ಟೆಂದೂ ಕೇಳಬೇಡವೆ? ಹನ್ನೆರಡನೆಯ ಶತಮಾನದ ಶರಣರು ಮುಟ್ಟಿನ ಸೂತಕವನ್ನು ಅಲ್ಲಗಳೆದ ನಾಡು ಇದು. 2025ರಲ್ಲಿ ನಮ್ಮ ಸರ್ಕಾರವೇ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ಸಚಿವ ಸಂಪುಟದಲ್ಲಿ ಆಡಬಹುದಾದ ಮಾತನ್ನು ನಮ್ಮ ತರಗತಿಯಲ್ಲಿ ಆಡಬಾರದೆ?

ಆದ್ದರಿಂದ ಅಧ್ಯಾಪಕರಲ್ಲಿ ನನ್ನ ಪ್ರಾರ್ಥನೆ: ಮೊದಲ ವರ್ಷದವರಿಗೆ ಪ್ರತಿ ವರ್ಷವೂ ಒಂದು ಗಂಟೆ ವೈದ್ಯರಿಂದ ಈ ವಿಷಯದ ಉಪನ್ಯಾಸ ಏರ್ಪಡಿಸಿರಿ. ಹುಡುಗರನ್ನು ಹೊರಗೆ ಕಳುಹಿಸಬೇಡಿರಿ. ನಾಳೆ ಹೆಂಡತಿಯನ್ನೋ ಮಗಳನ್ನೋ ಆಸ್ಪತ್ರೆಗೆ ಕರೆದೊಯ್ಯಬೇಕಾದವರು ಅವರೂ ಹೌದು. ಸೋದರಿಯರಲ್ಲಿ ನನ್ನ ಬೇಡಿಕೆ ಇನ್ನೂ ಚಿಕ್ಕದು: ಬಂದ ದಿನಕ್ಕೊಂದು ಚುಕ್ಕೆ, ನಿಂತ ದಿನಕ್ಕೊಂದು ಚುಕ್ಕೆ, ತಿಂಗಳಿಗೆ ಎರಡೇ ಚುಕ್ಕೆ ಇಡಿರಿ.

ಹೋದ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಗೀಟುಗಳ ಪಕ್ಕದಲ್ಲಿ, ಕೆಂಪು ಪೆನ್ಸಿಲಿನಿಂದ ಎರಡು ಚುಕ್ಕೆ ಇಟ್ಟುಬಂದೆ. ಅಮ್ಮ ನೋಡಿದರು. ಅಳಿಸಲಿಲ್ಲ. ಮರುತಿಂಗಳು ಹೋದಾಗ ಅಲ್ಲಿ ಇನ್ನೆರಡು ಚುಕ್ಕೆಗಳಿದ್ದವು, ಅವು ನನ್ನವಲ್ಲ.

— ದ್ವಿತೀಯ ಬಿ.ಎ. ವಿದ್ಯಾರ್ಥಿನಿ