ಮೇಜಿನ ಕೆಳಗಿನ ಸಿಕ್ಕು

ಮೇಜಿನ ಮೇಲೆ ಗಣಕಯಂತ್ರ ಒಂದಿದ್ದರೆ ಅದರ ಕೆಳಗೆ ಹತ್ತು ವೈರುಗಳಿರುತ್ತವೆ. ಮಾನಿಟರಿನದೊಂದು, ಮೋಡೆಮ್ಮಿನದೊಂದು, ಯುಪಿಎಸ್ಸಿನದೊಂದು, ಮೊಬೈಲ್ ಚಾರ್ಜರುಗಳು ಮೂರು, ಯಾವುದಕ್ಕೆ ಸೇರಿದ್ದೆಂದು ಯಾರಿಗೂ ತಿಳಿಯದವು ಇನ್ನು ಕೆಲವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬಂಧುಮಿತ್ರರ ಮನೆಗಳಲ್ಲಿ ಇದಕ್ಕೆ ಅಪವಾದವನ್ನು ನಾನು ಕಂಡದ್ದು ವಿರಳ. ಇದನ್ನು ಸರಿಪಡಿಸಲೆಂದು ಬೆಂಗಳೂರಿನಲ್ಲಿರುವ ಮಕ್ಕಳು ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಆನ್‌ಲೈನಿನಲ್ಲಿ ತರಿಸಿ, ಎಲ್ಲ ವೈರುಗಳನ್ನೂ ಅದರೊಳಗೆ ತುರುಕಿ, ಮುಚ್ಚಳ ಹಾಕಿ, ಭಾನುವಾರ ಸಂಜೆಯ ಬಸ್ಸು ಹತ್ತುತ್ತಾರೆ. ಈ ಕ್ರಮ ನನಗೆ ಒಪ್ಪಿಗೆಯಿಲ್ಲ. ಮರೆಮಾಡುವುದು ಬೇರೆ, ಓರಣಗೊಳಿಸುವುದು ಬೇರೆ.

ಮೊದಲನೆಯ ತೊಡಕು ಶಾಖದ್ದು. ಹೈಸ್ಕೂಲಿನಲ್ಲಿ ನೀವು ಓದಿದ ಜೌಲನ ನಿಯಮವನ್ನು ಸ್ಮರಿಸಿಕೊಳ್ಳಿ. ಪ್ರವಾಹ ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ. ನಮ್ಮ ಮನೆಗಳ ಸಾಮಾನ್ಯ ಎಕ್ಸ್‌ಟೆನ್ಷನ್ ಬೋರ್ಡು 6 ಆಂಪಿಯರಿನದು. 230 ವೋಲ್ಟಿನಲ್ಲಿ ಅದು ಹೊರಬಲ್ಲ ಹೊರೆ 1380 ವ್ಯಾಟ್. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯನ್ನೂ 750 ವ್ಯಾಟಿನ ಮಿಕ್ಸಿಯನ್ನೂ ಅದಕ್ಕೇ ಸಿಕ್ಕಿಸಿದರೆ ಲೆಕ್ಕ ಮೀರಿತು. ಮೊಬೈಲ್ ಚಾರ್ಜರಾದರೋ ಹತ್ತಿಪ್ಪತ್ತು ವ್ಯಾಟಿನದು, ಹೊರೆಯ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ಹೊರೆ ಹೊತ್ತ ಉದ್ದನೆಯ ವೈರನ್ನು ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಶಾಖಕ್ಕೆ ಹೊರಹೋಗುವ ದಾರಿಯಿಲ್ಲದೆ ಮೇಲಿನ ಹೊದಿಕೆ ಮೆತ್ತಗಾಗುತ್ತದೆ. ಇಲಿ ಕಡಿದಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದೆಂದು ನನ್ನ ಭಾವನೆ. ಮಕ್ಕಳು ಹೊರಟ ಮೇಲೆ ಆ ಮನೆಯಲ್ಲಿ ಉಳಿಯುವವರು ಎಪ್ಪತ್ತು ದಾಟಿದ ತಂದೆತಾಯಿಗಳು. ಅವರಿಗೆ ಮೊಮ್ಮಗುವಿನ ಮುಖ ಕಾಣುವುದು ಮೋಡೆಮ್ಮಿನ ಆ ಒಂದು ವೈರಿನ ದಯೆಯಿಂದ. ಕಸ ಗುಡಿಸುವಾಗ ಅದು ಸಡಿಲಗೊಂಡಿತೆನ್ನಿ. ಒಂದೇ ಕಪ್ಪು ಬಣ್ಣದ ಹತ್ತು ವೈರುಗಳಲ್ಲಿ ಯಾವುದನ್ನು ಮುಟ್ಟಬೇಕೆಂದು ತಿಳಿಯದೆ, ಮಗ ಬರುವ ಮುಂದಿನ ಹಬ್ಬದವರೆಗೂ ಸುಮ್ಮನಿದ್ದುಬಿಡುವವರನ್ನು ನಾನು ಬಲ್ಲೆ. ಐವತ್ತು ವರ್ಷ ಬಾಳಿದ ಮನೆಯಲ್ಲಿ ತಾವೇ ಮುಟ್ಟಲು ಅಂಜುವ ಮೂಲೆಯೊಂದು ಹುಟ್ಟಿಕೊಂಡಿತಲ್ಲ!

ದುರ್ಗದ ಕೋಟೆಯಲ್ಲಿ ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಹೊಂಡಗಳಿಗೆ ಇಳಿಯುವ ಏರ್ಪಾಡನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬುದನ್ನು ಅಲ್ಲಿ ನಡೆದು ನೋಡಿಯೇ ತಿಳಿಯಬಹುದು. ಮೇಜಿನ ಕೆಳಗೆ ಬೇಕಾದದ್ದೂ ಅಷ್ಟೇ.

ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಒಂದೂವರೆ ಅಡಿ ಉದ್ದದ ಮರದ ಪಟ್ಟಿಯ ಮೇಲೆ ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಮೂರು ಬೆರಳು ಅಂತರ ಬಿಟ್ಟು ಅಂಟಿಸಿ, ಆ ಪಟ್ಟಿಯನ್ನು ಮೇಜಿನ ಹಿಂಬದಿಗೆ ಸ್ಕ್ರೂ ಹಾಕಿ ನಿಲ್ಲಿಸಬೇಕು. ಕ್ಲಿಪ್ಪಿಗೊಂದೇ ವೈರು. ಚಾರ್ಜರ್ ವೈರುಗಳ ಮಿಕ್ಕ ಉದ್ದವನ್ನು ಅಂಗೈಯಗಲದ ಸಡಿಲ ಸುರುಳಿ ಮಾಡಿ, ಹಳೆಯ ಪಂಚೆಯ ಅಂಚಿನಿಂದ ಕಟ್ಟಿದರಾಯಿತು. ಬಿಗಿಯಾಗಿ ಮಡಿಸಿದರೆ ಒಳಗಿನ ತಾಮ್ರದ ಎಳೆಗಳು ತುಂಡಾಗುತ್ತವೆ. ಹೊಳಲ್ಕೆರೆಯ ತೋಟದವರಿಗೆ ಅಡಿಕೆ ಹಾಳೆ ಇದ್ದೇ ಇದೆ. ನೀರಿನಲ್ಲಿ ನೆನೆಸಿದರೆ ಹೇಳಿದಂತೆ ಬಾಗುತ್ತದೆ, ಒಣಗಿದರೆ ಆ ಆಕಾರದಲ್ಲಿಯೇ ಗಟ್ಟಿಯಾಗುತ್ತದೆ. ಬಳಕೆಯಲ್ಲಿಲ್ಲದ ವೈರುಗಳನ್ನು ಇಡಲು ಒಳ್ಳೆಯ ಗೂಡು. ಒಣಹಾಳೆ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಕರೆಂಟಿನ ಬೋರ್ಡನ್ನು ಮಾತ್ರ ಅದರಲ್ಲಿಡಕೂಡದು. ಅದು ಗೋಡೆಯ ಮೇಲೆ ತೆರೆದೇ ಇರಲಿ. ಕೆಲಸಕ್ಕೆ ಮೊದಲು ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇದನ್ನು ಮಾಡಬೇಕಾದವರು ಆ ಮನೆಯಲ್ಲಿ ವಾಸಿಸುವವರೇ. ಮಗ ಅಥವಾ ಮಗಳು ಪಕ್ಕದಲ್ಲಿ ಕುಳಿತು ಸ್ಕ್ರೂಡ್ರೈವರ್ ಎತ್ತಿಕೊಟ್ಟರೆ ಸಾಕು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಶಿಕ್ಷಣವೆಂದರು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದೇ ಜಾಡಿನಲ್ಲಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಪಠ್ಯಕ್ರಮಕ್ಕೆ ಸೂಚಿಸಿತು. ಪರೀಕ್ಷೆ ಹತ್ತಿರ ಬಂದೊಡನೆ ಆ ಪಿರಿಯಡ್ಡು ಗಣಿತದ ಪಾಲಾಗುತ್ತಿತ್ತು. (ಗಣಿತದ ಮೇಷ್ಟ್ರುಗಳು ಕೋಪಿಸಿಕೊಳ್ಳಬಾರದು.) ಅಂದು ತಪ್ಪಿದ ಪಾಠವನ್ನು ತಂದೆಮಕ್ಕಳು ಕೂಡಿ ಈಗ ಕಲಿಯಬಹುದು.

ಯಾವ ಯಂತ್ರಕ್ಕೂ ಹೊಂದದ ವೈರುಗಳು ಕೊನೆಗೆ ಉಳಿಯುತ್ತವೆ. ತಾಮ್ರದ ಆಸೆಗೆ ಅವನ್ನು ತಿಪ್ಪೆಯ ಬಳಿ ಸುಡುವ ರೂಢಿ ನಮ್ಮ ಕಡೆ ಇದೆ. ಪಿವಿಸಿ ಸುಟ್ಟ ಹೊಗೆ ವಿಷ. ಶ್ವಾಸಕೋಶಕ್ಕೆ ಹಾನಿ ಮಾಡುವ ಹೈಡ್ರೋಜನ್ ಕ್ಲೋರೈಡ್ ಅದರಲ್ಲಿರುತ್ತದೆ. ಬೆಂಗಳೂರಿಗೆ ಹಿಂದಿರುಗುವವರು ಅವನ್ನು ಚೀಲದಲ್ಲಿ ಒಯ್ದು ಇ-ತ್ಯಾಜ್ಯ ಸಂಗ್ರಹಿಸುವಲ್ಲಿ ಕೊಡಲಿ.

ಇನ್ನು ಚೀಟಿ. ಮನೆಗೆ ಬಂದ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಕತ್ತರಿಸಿ, ತೂತು ಮಾಡಿ, ಪ್ರತಿ ವೈರಿನ ಎರಡೂ ತುದಿಗೆ ಕಟ್ಟಿ. ಬರೆಯುವುದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಕನ್ನಡಕವಿಲ್ಲದೆ ಓದುವಂತೆ. ಒತ್ತಕ್ಷರಗಳು ಸರಿಯಾಗಿರಲಿ, ಮುಂದಿನ ಸಲ ಬಂದಾಗ ನಾನು ಬಗ್ಗಿ ನೋಡುವವನೇ.